ವಕೀಲರನ್ನು ಕೇಳಿ: ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ ಸಿವಿಲ್ ಕೇಸು ನಡೆಸುವ ವಕೀಲೆ ಮೇಡಂ ಇವತ್ತು ಸಂಜೆ ತನಕ ಇಲ್ಲಿರುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಮೆಸೇಜು ದಯವಿಟ್ಟು ಬೇಡ.

ಮಧುಗಿರಿ ಸದಸ್ಯ: ಮೇಡಂ, ನಮ್ಮ ಮನೆಯ ಬಾಡಿಗೆದಾರರಿಗೆ 11 ವರ್ಷ ಆಯ್ತು. 12 ತುಂಬಿದರೆ ಮನೆ ಅವರದ್ದೇ ಅಂತ ಸುಪ್ರೀಂ ಕೋರ್ಟ್ ಹೇಳಿದೆಯಂತೆ, ವಾಟ್ಸ್ಆ್ಯಪ್‌ನಲ್ಲಿ ಬಂತು. ಈಗಲೇ ಖಾಲಿ ಮಾಡಿಸಲಾ?

ವಕೀಲರು: ಬಾಡಿಗೆದಾರ ನಿಮ್ಮ ಒಪ್ಪಿಗೆಯಿಂದ ಒಳಗಿದ್ದಾನೆ. ಅವನಿಗೆ ಆ 12 ವರ್ಷದ ಲೆಕ್ಕ ಬರುವುದಿಲ್ಲ. ಮಾಲೀಕನ ಹಕ್ಕನ್ನೇ ಅಲ್ಲಗಳೆದು, ಎಲ್ಲರಿಗೂ ಕಾಣುವ ಹಾಗೆ ಎದುರಾಗಿ ಕೂತವನಿಗೆ ಆ ಮಾತು. ಕರಾರು ಹೊಸದಾಗಿ ಮಾಡಿಕೊಳ್ಳಿ, ಬಾಡಿಗೆ ಬ್ಯಾಂಕಿಗೆ ಹಾಕಿಸಿಕೊಳ್ಳಿ. ನಿದ್ದೆ ಕೆಡಿಸಿಕೊಳ್ಳಬೇಡಿ.

ತಿಪಟೂರು ಸದಸ್ಯ: ಕೊಬ್ಬರಿ ವ್ಯಾಪಾರದ ಚೆಕ್ ಬೌನ್ಸ್ ಆಗಿ 40 ದಿನ ಆಯ್ತು. ನೋಟಿಸ್ ಕೊಟ್ಟಿಲ್ಲ. ಕೇಸು ಹೋಯ್ತಾ?

ವಕೀಲರು: ಬೌನ್ಸ್ ಆಗಿದೆ ಅಂತ ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ನೋಟಿಸ್ ಕೊಡಬೇಕಿತ್ತು. ಆದರೆ ಚೆಕ್ಕಿನ ಮೇಲಿನ ತಾರೀಖಿಗೆ 3 ತಿಂಗಳು ತುಂಬಿಲ್ಲದಿದ್ದರೆ ನಾಳೆಯೇ ಮತ್ತೆ ಬ್ಯಾಂಕಿಗೆ ಹಾಕಿ. ಮತ್ತೆ ಬೌನ್ಸ್ ಆದರೆ 30 ದಿನ ಹೊಸದಾಗಿ ಶುರು. ನೋಟಿಸ್ ತಲುಪಿದ ಮೇಲೆ ದುಡ್ಡು ಕೊಡಲು ಅವರಿಗೆ 15 ದಿನ. ಆಮೇಲೆ ದೂರು ಕೊಡಲು ನಿಮಗೆ ಒಂದು ತಿಂಗಳು. ಈ ಸಲ ದಿನ ಎಣಿಸಿ.

ಗುಬ್ಬಿ ಸದಸ್ಯೆ: ಮೇಡಂ, ನನ್ನ ಮದುವೆ 1992ರಲ್ಲಿ ಆಯ್ತು. ಅಪ್ಪ 2001ರಲ್ಲಿ ತೀರಿಕೊಂಡರು. ಈಗ ಅಮ್ಮನೂ ಇಲ್ಲ. ತಾತನ ಕಾಲದ 4 ಎಕರೆ ಇದೆ, ಪಹಣಿ ಇನ್ನೂ ಅಪ್ಪನ ಹೆಸರಲ್ಲೇ. ನಾವು ಮೂರು ಜನ, ಇಬ್ಬರು ಅಣ್ಣಂದಿರು, ನಾನು. 2005ರಲ್ಲಿ ಅಪ್ಪ ಇರಲಿಲ್ಲ, ಹಂಗಾಗಿ ನಿನಗೆ ಭಾಗ ಬರಲ್ಲ ಅಂತಾರೆ. ಪೌತಿ ಖಾತೆ ಮಾಡಿಸಬೇಕು, ಗುರುವಾರ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಆಧಾರ್ ತಗೊಂಡು ಬಾ, ಒಂದು ಸೈನ್ ಹಾಕಿ ಹೋಗು ಅಂದಿದ್ದಾರೆ. ಅತ್ತಿಗೆ ಸೀರೆ ತಂದಿಟ್ಟಿದ್ದಾರೆ. ಸೈನ್ ಹಾಕಿದರೆ ತೊಂದರೆ ಇಲ್ಲ ಅಲ್ವಾ?

ವಕೀಲರು: ಅಮ್ಮ, ಮೊದಲು ಗುರುವಾರದ ವಿಷಯ ಮಾತಾಡೋಣ. ಪೌತಿ ಖಾತೆಗೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಏನು ಕೆಲಸ? ಪೌತಿ ಅರ್ಜಿ ಹೋಗುವುದು ನಾಡಕಚೇರಿಗೆ. ಅಪ್ಪನ ಮರಣ ಪ್ರಮಾಣಪತ್ರ, ವಂಶವೃಕ್ಷ ಕೊಟ್ಟರೆ ಕಂದಾಯ ಇಲಾಖೆಯವರು ವಾರಸುದಾರರ ಹೆಸರನ್ನು ಪಹಣಿಗೆ ಏರಿಸುತ್ತಾರೆ. ವಂಶವೃಕ್ಷದಲ್ಲಿ ನೀವೂ ಇರಬೇಕು, ಖಾತೆ ಮೂವರ ಹೆಸರಿಗೂ ಜಂಟಿಯಾಗಿ ಆಗಬೇಕು. ಪೌತಿ ಅಂತ ಹೇಳಿ ಹೆಣ್ಣುಮಗಳನ್ನು ನೋಂದಣಿ ಕಚೇರಿಗೆ ಕರೆಸುತ್ತಾರೆ ಅಂದರೆ ಹೆಚ್ಚಾಗಿ ಅಲ್ಲಿ ಕಾದಿರುವುದು ಹಕ್ಕು ಖುಲಾಸೆ ಪತ್ರ. ಅಂದರೆ ನನ್ನ ಭಾಗ ಬಿಟ್ಟುಕೊಟ್ಟೆ ಅಂತ ನೀವೇ ಬರೆದುಕೊಡುವ ಪತ್ರ.

ಇನ್ನು ನಿಮ್ಮ ಹಕ್ಕು. ಕರ್ನಾಟಕದಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಆದ 1994ರ ತಿದ್ದುಪಡಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಭಾಗ ಕೊಟ್ಟಿತು. ಆದರೆ ಅದಕ್ಕೆ ಮುಂಚೆ ಮದುವೆ ಆದವರನ್ನು ಹೊರಗಿಟ್ಟಿತು. ನಿಮ್ಮದು 1992, ಹಾಗಾಗಿ ಆಗ ನಿಮಗೆ ಸಿಗುತ್ತಿರಲಿಲ್ಲ. ಊರಲ್ಲಿ ಇನ್ನೂ ಓಡಾಡುತ್ತಿರುವ ಮಾತು ಅದೇ. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಬಂತು, ಮದುವೆಯ ಗೆರೆ ಹೋಯಿತು. ಆಮೇಲೆ ಅಪ್ಪ ಆ ದಿನ ಬದುಕಿರಬೇಕಾ ಅಂತ ಜಗಳ ಶುರುವಾಯ್ತು. ಸುಪ್ರೀಂ ಕೋರ್ಟೇ ಎರಡು ಥರ ಹೇಳಿತ್ತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಕೇಸಿನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಮುಗಿಸಿತು. ಮಗಳಿಗೆ ಹಕ್ಕು ಹುಟ್ಟಿನಿಂದ ಬರುತ್ತದೆ, ಅಪ್ಪ 2005ರಲ್ಲಿ ಬದುಕಿರಬೇಕಾಗಿಲ್ಲ. ನಿಮ್ಮ ಅಣ್ಣಂದಿರು ಹೇಳುತ್ತಿರುವುದು ಅದಕ್ಕಿಂತ ಹಿಂದಿನ ಪಾಠ.

ಅವರಿಗೆ ಒಂದೇ ದಾರಿ ಉಳಿದಿದೆ. 2004ರ ಡಿಸೆಂಬರ್ 20ಕ್ಕಿಂತ ಮುಂಚೆ ನೋಂದಣಿ ಆದ ವಿಭಾಗ ಪತ್ರವೋ, ಕೋರ್ಟ್ ಡಿಕ್ರಿಯೋ ಇದ್ದರೆ ಅದಕ್ಕೆ ಕೈ ಹಾಕುವಂತಿಲ್ಲ. ‘ಬಾಯಿ ಮಾತಿನಲ್ಲಿ ಭಾಗ ಆಗಿತ್ತು’ ಅಂದರೆ ಸುಲಭಕ್ಕೆ ನಡೆಯಲ್ಲ. ಆಗಲೇ ಖಾತೆ ಬೇರೆ ಆಗಿತ್ತು ಅನ್ನುವಂಥ ಸರ್ಕಾರಿ ದಾಖಲೆ ಬೇಕು. ಪಹಣಿ ಇನ್ನೂ ಅಪ್ಪನ ಹೆಸರಲ್ಲಿದೆ ಅಂದಿರಲ್ಲ, ಅದು ನಿಮಗೆ ಅನುಕೂಲ. ಉಯಿಲೂ ಇಲ್ಲದಿದ್ದರೆ ನಿಮ್ಮದು ಮೂರರಲ್ಲಿ ಒಂದು ಪಾಲು.

ಸೈನ್ ಹಾಕಿದ ಮೇಲೆ? ಅದನ್ನು ರದ್ದು ಮಾಡಿಸಲು ನೀವೇ ದಾವೆ ಹಾಕಬೇಕು, ಮೋಸ ಗೊತ್ತಾದ ಮೂರು ವರ್ಷದೊಳಗೆ. ಮೋಸ ಆಯ್ತು ಅಂತ ಸಾಬೀತು ಮಾಡುವ ಹೊರೆಯೂ ನಿಮ್ಮದೇ. ಓದದೆ ಹಾಕಿದೆ ಅಂದರೆ ಎದುರಿನ ವಕೀಲರು ನಿಮ್ಮ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ತೆಗೀತಾರೆ. ಇಂಥ ದಾವೆ ನಮ್ಮ ಕಡೆ ಬರುತ್ತಲೇ ಇರುತ್ತವೆ. ಕಥೆ ಒಂದೇ, ಸೀರೆ ಬಣ್ಣ ಬೇರೆ.

ಅಣ್ಣಂದಿರಿಗೆ ಬಿಟ್ಟುಕೊಡಬೇಕು ಅಂತ ನಿಮಗೇ ಮನಸ್ಸಿದ್ದರೆ ಕೊಡಿ, ಅದು ನಿಮ್ಮಿಷ್ಟ. ಆದರೆ ಪತ್ರದ ಡ್ರಾಫ್ಟ್ ಮೊದಲೇ ತರಿಸಿ ಓದಿ. ಕಳಿಸದಿದ್ದರೆ ಗುರುವಾರ ಹೋಗಬೇಡಿ. ನಾಡಕಚೇರಿಯಲ್ಲಿ ನಿಮ್ಮನ್ನು ಬಿಟ್ಟು ಪೌತಿ ಹಾಕಿದ್ದರೆ ತಹಶೀಲ್ದಾರರಿಗೆ ತಕರಾರು ಅರ್ಜಿ ಕೊಟ್ಟು ಸ್ವೀಕೃತಿ ತಗೊಳ್ಳಿ. ವಕೀಲರಿಗೆ ದುಡ್ಡಿಲ್ಲ ಅಂತ ಸುಮ್ಮನಾಗಬೇಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಇದೆ. ತಾಲ್ಲೂಕು ಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ. ಫೋನ್ 15100.

ಶಿರಾ ಸದಸ್ಯ: ಒಳ್ಳೆ ಸಂಸಾರ ಒಡೆಯೋ ಸಲಹೆ ಮೇಡಂ. 1992ರಲ್ಲಿ ಮದುವೆಗೆ ಸಾಲ ಮಾಡಿದ್ದು ಯಾರು? ಬಂಗಾರ ಹಾಕಿದ್ದು ಯಾರು? ಅದನ್ನೂ ಲೆಕ್ಕ ಹಾಕಿ.

ಕೊರಟಗೆರೆ ಸದಸ್ಯೆ: ನಿಮ್ಮ ಮದುವೆ ಪುಕ್ಕಟೆ ಆಯ್ತೇನು ಸಾರ್? ಅದರ ಖರ್ಚು ನಿಮ್ಮ ಭಾಗದಲ್ಲಿ ಕಳೆದರಾ?

ಶಿರಾ ಸದಸ್ಯ: ಅಪ್ಪ ಅಮ್ಮನ ಆಸ್ಪತ್ರೆಗೆ ಓಡಾಡಿದ್ದು ಗಂಡುಮಕ್ಕಳು. ಭಾಗಕ್ಕೆ ಮಾತ್ರ ಹೆಣ್ಮಕ್ಕಳು ಬರ್ತಾರೆ.

ಕೊರಟಗೆರೆ ಸದಸ್ಯೆ: ನಮ್ಮ ಅಮ್ಮ ಆರು ವರ್ಷ ನಮ್ಮನೇಲಿ ಮಲಗಿದ್ದರು. ತಮ್ಮ ಬಂದಿದ್ದು ತಿಥಿಗೆ.

ಪಾವಗಡ ಸದಸ್ಯ: ಮೇಡಂ, ನಮ್ಮದು ಮಂಜೂರಾತಿ ಜಮೀನು, ಎಸ್‌ಸಿ. ಅಜ್ಜ 1985ರಲ್ಲಿ ಮಾರಿದ್ದಾರೆ. ಇಂಥ ಜಮೀನು ಮಾರುವುದನ್ನು ತಡೆಯುವ ಪಿಟಿಸಿಎಲ್ ಕಾಯ್ದೆಯಲ್ಲಿ ವಾಪಸ್ ಬರುತ್ತಾ?

ವಕೀಲರು: ಮದುವೆ ಖರ್ಚು ಆಗಿದೆ ಅಂದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಜಮೀನಿನ ಮೇಲೆ ಕುಟುಂಬದ ಸಾಲ ಇದ್ದರೆ ದಾಖಲೆ ಸಮೇತ ಕೋರ್ಟಿನಲ್ಲಿ ತೋರಿಸಿ. ಯಾರು ಯಾರನ್ನು ನೋಡಿಕೊಂಡರು ಅನ್ನುವುದನ್ನು ದಯವಿಟ್ಟು ಹೊರಗೆ ಇತ್ಯರ್ಥ ಮಾಡಿಕೊಳ್ಳಿ.

ನಿವೃತ್ತ ಮೇಷ್ಟ್ರು: ಗುಬ್ಬಿ ಸೋದರಿಗೆ ಸುಲಭ ಉಪಾಯ, ನನಗೆ ಬಂದ ಮೆಸೇಜು: ‘ಕೋರ್ಟಿನಲ್ಲಿ ಕೇವಿಯಟ್ ಹಾಕಿ, ಒಂದು ಪ್ರತಿ ಸಬ್ ರಿಜಿಸ್ಟ್ರಾರ್‌ಗೆ ಕೊಟ್ಟರೆ ಆ ಆಸ್ತಿಯ ಯಾವ ನೋಂದಣಿಯೂ ಆಗದು. ಎಲ್ಲರಿಗೂ ಹಂಚಿ.’

ವಕೀಲರು: ಹಂಚಬೇಡಿ ಮೇಷ್ಟ್ರೇ. ಕೇವಿಯಟ್ ಅಂದರೆ ನನಗೆ ತಿಳಿಸದೆ ಆದೇಶ ಮಾಡಬೇಡಿ ಅಂತ ಕೋರ್ಟಿಗೆ ಮಾಡುವ ಮನವಿ. 90 ದಿನ ಇರುತ್ತೆ. ಅದು ನೋಂದಣಿ ನಿಲ್ಲಿಸುವುದಿಲ್ಲ, ನಿಲ್ಲಿಸಲು ತಡೆಯಾಜ್ಞೆ ಬೇಕು. ಇದನ್ನು ನಂಬಿ ಮನೆಯಲ್ಲಿ ಕೂತವರ ಜಮೀನು ಮೂರನೆಯವರ ಕೈ ಸೇರಿದ ಮೇಲೆ ನಮ್ಮ ಹತ್ತಿರ ಬರುತ್ತಾರೆ.

ನಿವೃತ್ತ ಮೇಷ್ಟ್ರು: ನಾಲ್ಕು ಜನಕ್ಕೆ ಒಳ್ಳೇದಾಗಲಿ ಅಂತ ಹಾಕಿದೆ. ಇಷ್ಟು ಖಾರ ಬೇಕಿರಲಿಲ್ಲ.

ಕುಣಿಗಲ್ ಸದಸ್ಯ: ಹೊಸ ಕಾನೂನಿನಲ್ಲಿ ಗಂಡ, ಗಂಡನ ಮನೆಯವರ ಕಿರುಕುಳದ 498ಎ ತೆಗೆದುಹಾಕಿದ್ದಾರೆ ಅಲ್ವಾ ಮೇಡಂ?

ವಕೀಲರು: ನಂಬರ್ ಬದಲಾಗಿದೆ ಅಷ್ಟೇ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ, ಕಲಂ 85 ಮತ್ತು 86.

ಎಲ್‌ಎಲ್‌ಬಿ ವಿದ್ಯಾರ್ಥಿನಿ: ಮೇಡಂ, ತೀರ್ಪುಗಳನ್ನು ದುಡ್ಡು ಕೊಡದೆ ಓದಲು ಎಲ್ಲಿ ಸಿಗುತ್ತೆ? ಚಾಟ್‌ಜಿಪಿಟಿ ಕೇಳಿದರೆ ಐದು ಕೇಸು ಕೊಟ್ಟಿತು, ಮೂರು ಎಲ್ಲೂ ಸಿಗುತ್ತಿಲ್ಲ.

ವಕೀಲರು: ಸಿಗುತ್ತಿಲ್ಲ ಅಂದರೆ ಇಲ್ಲ ಅಂತಲೇ ತಿಳಿಯಿರಿ. ಹುಡುಕಿ ನೋಡಿದಿರಲ್ಲ, ಆ ಅಭ್ಯಾಸ ಬಿಡಬೇಡಿ. ಸುಪ್ರೀಂ ಕೋರ್ಟಿನ ತೀರ್ಪುಗಳ ಆನ್‌ಲೈನ್ ಸಂಗ್ರಹ ಇ-ಎಸ್‌ಸಿಆರ್ 2023ರಿಂದ ಎಲ್ಲರಿಗೂ ಉಚಿತ. ಕೆಲವು ತೀರ್ಪುಗಳ ಕನ್ನಡ ಅನುವಾದವೂ ಇದೆ. ಅರ್ಥಕ್ಕೆ ಅನುವಾದ ಓದಿ, ವಾದಕ್ಕೆ ಮೂಲ ಇಟ್ಟುಕೊಳ್ಳಿ. ಕೇಸು ಎಲ್ಲಿದೆ ಅಂತ ನೋಡಲು ಇ-ಕೋರ್ಟ್ಸ್ ಆ್ಯಪ್, ಪ್ರತಿ ಕೇಸಿಗೂ ಬೇರೆ ಬೇರೆ ಇರುವ 16 ಅಕ್ಷರದ ಸಿಎನ್‌ಆರ್ ನಂಬರ್ ಹಾಕಿದರೆ ಮುಂದಿನ ತಾರೀಖು ಬರುತ್ತೆ. ಕಕ್ಷಿದಾರರಿಗೂ ಕಲಿಸಿಕೊಡಿ, ದಿನಾ ಫೋನ್ ಮಾಡುವುದು ತಪ್ಪುತ್ತೆ.

ಚಿಕ್ಕನಾಯಕನಹಳ್ಳಿ ಸದಸ್ಯ: ಮೇಡಂ, ಬಾಡಿಗೆದಾರ 12 ವರ್ಷ ಇದ್ದರೆ...

ವಕೀಲರು: ಮೇಲೆ ಓದಿ.

ಪಾವಗಡ ಸದಸ್ಯ: ಮೇಡಂ, ಪಿಟಿಸಿಎಲ್ ಬಗ್ಗೆ ಕೇಳಿದ್ದೆ.

ಗುಬ್ಬಿ ಸದಸ್ಯೆ: ಮೇಡಂ, ಅಣ್ಣನ ಮಗನನ್ನು ಕೇಳಿದೆ, ಡ್ರಾಫ್ಟ್ ಫೋಟೋ ಕಳಿಸಿದ. ಹೀಗಿದೆ: ‘ನನ್ನ ಮದುವೆ ಕಾಲದಲ್ಲಿ ಒಡವೆ ವಸ್ತ್ರ ಪಡೆದಿದ್ದು, ಈ ದಿನ ರೂ. 50,000 ನಗದಾಗಿ ಪಡೆದು, ಷೆಡ್ಯೂಲು ಸ್ವತ್ತಿನಲ್ಲಿ ನನಗಿರುವ ಸರ್ವ ಹಕ್ಕನ್ನು ಸ್ವಸಂತೋಷದಿಂದ ಖುಲಾಸೆ ಮಾಡಿಕೊಟ್ಟಿರುತ್ತೇನೆ. ಇನ್ನು ಮುಂದೆ ನಾನಾಗಲಿ ನನ್ನ ವಾರಸುದಾರರಾಗಲಿ ಯಾವುದೇ ತಂಟೆ ತಕರಾರು ಮಾಡತಕ್ಕದ್ದಲ್ಲ.’ 50,000ದ ಮಾತೇ ನನ್ನ ಹತ್ತಿರ ಯಾರೂ ಆಡಿಲ್ಲ.

ವಕೀಲರು: ಪೌತಿ ಅನ್ನುವ ಪದ ಅದರಲ್ಲಿ ಎಲ್ಲಾದರೂ ಇದೆಯಾ? ಹೋಗಬೇಡಿ ಅಮ್ಮ. ಆ ಫೋಟೋ ಅಳಿಸಬೇಡಿ, ಯಾರು ಯಾವತ್ತು ಕಳಿಸಿದರು ಅನ್ನುವುದೂ ಇರಲಿ. ನಾಳೆ ಬೆಳಗ್ಗೆ ಕಾನೂನು ಸೇವಾ ಸಮಿತಿಗೆ ಹೋಗಿ ವಿಭಾಗದ ದಾವೆಗೆ ಅರ್ಜಿ ಕೊಡಿ. ಪಹಣಿ, ಮ್ಯುಟೇಶನ್ ಪ್ರತಿ, ಋಣಭಾರ ಪತ್ರ ತಗೊಂಡು ಹೋಗಿ.

ಶಿರಾ ಸದಸ್ಯ: ಈಗ ಸಮಾಧಾನ ಆಯ್ತಾ ಮೇಡಂ? ಒಂದು ಕೇಸು ಸಿಕ್ಕಿತು.

ವಕೀಲರು: ಕಾನೂನು ನೆರವಿಗೆ ಕಳಿಸಿದ್ದೀನಿ, ನನಗೆ ಒಂದು ಪೈಸೆ ಬರಲ್ಲ. ಮುಂದೆ ಓದಿ ಮಾತಾಡಿ.

ಅಡ್ಮಿನ್: ಶಿರಾದವರು ಸ್ವಲ್ಪ ಸುಧಾರಿಸಿಕೊಳ್ಳಿ. ಮೇಡಂ ಹೊರಟಿದ್ದಾರೆ, ಕಾಮೆಂಟ್ ಮುಚ್ಚುತ್ತಿದ್ದೇನೆ.

ಪಾವಗಡ ಸದಸ್ಯ: ಪಿಟಿಸಿಎಲ್?