ಈ ಪುಟ್ಟ ಮುಳುಗುಹಕ್ಕಿ ಯಾವುದು? ಹಾರುತ್ತಲೇ ಇಲ್ಲ, ಗಾಯವಾಗಿದೆಯೇ?

ನೀರಂಚು: ಒಂಬತ್ತು ದಿನಗಳಿಂದ ಒಂದೇ ಹಕ್ಕಿಯ ಹಿಂದೆ ಬಿದ್ದಿದ್ದೇನೆ. ಕ್ಯಾಮೆರಾ ಎತ್ತುವಷ್ಟರಲ್ಲಿ ಮುಳುಗಿ, ಎಲ್ಲೋ ದೂರದಲ್ಲಿ ಏಳುತ್ತದೆ. ಇನ್ನೂರು ಚಿತ್ರಗಳಲ್ಲೂ ಬರೀ ಅಲೆಯ ಉಂಗುರಗಳು! ಒಮ್ಮೆಯೂ ಹಾರಿದ್ದನ್ನು ಕಂಡಿಲ್ಲ. ರೆಕ್ಕೆ ಮುರಿದಿದೆಯೇನೋ ಎಂದು ಸಂಕಟವಾಗುತ್ತಿದೆ. ದೋಣಿಯಲ್ಲಿ ಹೋಗಿ ಹಿಡಿದು ತರಲೇ?

ಹಳೆಯ ದುರ್ಬೀನು: ಗುಳುಮುಳುಕ. ಅನುಮಾನವೇ ಬೇಡ.

ನೀರಂಚು: ಗುಳುಮುಳುಕವನ್ನು ನಾನು ಬಲ್ಲೆ. ಇದು ಕಪ್ಪು-ಬಿಳಿ.

ಹಳೆಯ ದುರ್ಬೀನು: ಚಳಿಗಾಲದಲ್ಲಿ ಅದರ ಬಣ್ಣ ಮಾಸುತ್ತದೆ. ಹಿಂಭಾಗ ಹತ್ತಿಯುಂಡೆಯಂತೆ ಉಬ್ಬಿದ್ದರೆ ಗುಳುಮುಳುಕವೇ.

ಜೊಂಡುಹುಲ್ಲು: ಶಟರ್ ವೇಗ ಎಷ್ಟಿಟ್ಟಿದ್ದೀರಿ? ನನ್ನ 600 ಎಂಎಂ ಲೆನ್ಸಿನಲ್ಲಿ 1/2500 ಸೆಕೆಂಡಿಗೆ ಇಟ್ಟರೆ ಕೊಕ್ಕಿನಿಂದ ಬೀಳುವ ಹನಿಯೂ ಸ್ಪಷ್ಟವಾಗಿ ಸಿಗುತ್ತದೆ.

ಹಳೆಯ ದುರ್ಬೀನು: ಲೆನ್ಸಿನ ಮಾತಿಗೆ ಬೇರೆ ಚರ್ಚೆ ತೆರೆಯಿರಿ.

ಇರುಳುಪಯಣ: ಕಣ್ಣಿನ ಬಣ್ಣ, ಕೊಕ್ಕಿನ ಆಕಾರ ಹೇಳಿ.

ನೀರಂಚು: ಕಣ್ಣು ಕೆಂಡದಂತೆ ಕೆಂಪು. ಮೊದಲು ಕಾಣುವುದೇ ಅದು, ಹೇಳಬೇಕೆಂದು ಹೊಳೆಯಲಿಲ್ಲ. ಕೊಕ್ಕು ಸಣ್ಣದು, ತುದಿ ತುಸು ಮೇಲಕ್ಕೆ ಬಾಗಿದೆ.

ಇರುಳುಪಯಣ: ಹಾಗಾದರೆ ಇದು ಸಾಮಾನ್ಯ ಗುಳುಮುಳುಕವಲ್ಲ, ಅದೇ ಕುಟುಂಬದ ಕಪ್ಪುಕತ್ತಿನ ಗುಳುಮುಳುಕ. ಕೊಂಬಿನ ಗುಳುಮುಳುಕದ ಕಣ್ಣೂ ಕೆಂಪೇ. ಆದರೆ ಅದರ ಕೊಕ್ಕು ನೇರ, ನೆತ್ತಿ ಚಪ್ಪಟೆ, ಬಿಳಿ ಕೆನ್ನೆಗೆ ಗೆರೆ ಎಳೆದಂತಹ ಅಂಚು. ನಿಮ್ಮದರ ಕೆನ್ನೆಯಲ್ಲಿ ಕಪ್ಪು ಮಸಿಯಂತೆ ಹರಡಿರಬೇಕು.

ಹಳೆಯ ದುರ್ಬೀನು: ಚಳಿಗಾಲದಲ್ಲಿ ಅದರ ಕತ್ತು ಬೂದು. ಕಪ್ಪುಕತ್ತು ಎಂಬ ಹೆಸರೇ ಸರಿಯಲ್ಲ.

ಇರುಳುಪಯಣ: ಮರಿ ಮಾಡುವ ಕಾಲದಲ್ಲಿ ಕತ್ತು ಕಪ್ಪಾಗಿ, ಕಣ್ಣಿನ ಹಿಂದೆ ಹೊಂಬಣ್ಣದ ಗರಿಗಳು ಬೀಸಣಿಗೆಯಂತೆ ಬಿಚ್ಚಿಕೊಳ್ಳುತ್ತವೆ. ಹೆಸರಿನ ಜಗಳ ಸಾಕು, ದೋಣಿಯ ಮಾತಿಗೆ ಬರೋಣ. ದಯವಿಟ್ಟು ಹೋಗಬೇಡಿ. ಇದರ ಕಾಲುಗಳಿರುವುದು ದೇಹದ ತೀರಾ ಹಿಂದೆ. ನೀರಿನ ಮೇಲೆ ಓಡಿಯೇ ಮೇಲೇರಬೇಕು; ಹಾಗಾಗಿ ಅಪಾಯ ಕಂಡರೆ ಮುಳುಗುತ್ತದೆ, ಹಾರುವುದಿಲ್ಲ. ವಲಸೆ ಹೊರಡುವುದು ರಾತ್ರಿ. ಅಮೆರಿಕದ ಮೋನೋ ಸರೋವರದಲ್ಲಿ ಇವು ಉಪ್ಪುನೀರಿನ ಸಿಗಡಿ ತಿಂದು ತೂಕ ಇಮ್ಮಡಿಯಾಗುವಷ್ಟು ಕೊಬ್ಬುತ್ತವೆ. ಆಗ ಹಾರಾಟದ ಸ್ನಾಯುಗಳು ಸೊರಗಿ, ಹಾರಲು ಆಗುವುದೇ ಇಲ್ಲ. ಹೊರಡುವ ಮುನ್ನ ಸ್ನಾಯು ಮತ್ತೆ ಬಲಿಯುತ್ತದೆ, ಜೀರ್ಣಾಂಗ ಕುಗ್ಗುತ್ತದೆ. ಹಾರದಿರುವುದೊಂದನ್ನೇ ನೋಡಿ ಗಾಯವೆನ್ನಲಾಗದು. ರೆಕ್ಕೆ ಜೋತುಬಿದ್ದಿದೆಯೇ? ಮುಳುಗುವುದನ್ನು ಬಿಟ್ಟು ದಡದಲ್ಲಿ ಕುಳಿತಿದೆಯೇ?

ನೀರಂಚು: ಎರಡೂ ಇಲ್ಲ. ದೋಣಿಯ ಯೋಚನೆ ಬಿಟ್ಟೆ. ಆದರೆ ಇಂದು ತನ್ನದೇ ಗರಿ ಕಿತ್ತು ನುಂಗಿತು. ಇದು ರೋಗವಲ್ಲವೇ?

ಜೊಂಡುಹುಲ್ಲು: ಅದರ ಚಿತ್ರ ಸಿಕ್ಕಿತೇ?

ಇರುಳುಪಯಣ: ರೋಗವಲ್ಲ. ಗುಳುಮುಳುಕಗಳೆಲ್ಲ ಗರಿ ನುಂಗುತ್ತವೆ, ಮರಿಗಳಿಗೂ ತಿನ್ನಿಸುತ್ತವೆ.