ನಿದ್ದೆಯಲ್ಲಿ ಹಲ್ಲು ಕಡಿಯುವುದು, ಬಾಯಿ ತೆರೆದರೆ ದವಡೆ ‘ಟಕ್’ ಎನ್ನುವುದು: ಪ್ಲೇಟ್ ಹಾಕಿಸಬೇಕೇ, ಹಲ್ಲು ತೇಯಿಸಬೇಕೇ?

ಪ್ರಶ್ನೆ (ರಬಕವಿ, ಬಾಗಲಕೋಟೆ ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ನನಗೆ 41 ವರ್ಷ. ಮನೆಯಲ್ಲೇ ನಾಲ್ಕು ವಿದ್ಯುತ್ ಮಗ್ಗಗಳಿವೆ. ನಾನು ನಿದ್ದೆಯಲ್ಲಿ ಹಲ್ಲು ಕಡಿಯುತ್ತೇನೆಂದು ನನ್ನ ಹೆಂಡತಿ ಎರಡು ವರ್ಷಗಳಿಂದ ಹೇಳುತ್ತಿದ್ದರೂ ನಾನು ನಂಬಿರಲಿಲ್ಲ. ಕಳೆದ ತಿಂಗಳು ಅವಳು ಆ ಸದ್ದನ್ನು ಮೊಬೈಲಿನಲ್ಲಿ ಹಿಡಿದು ಕೇಳಿಸಿದಳು; ಕಾಳು ಹಾಕದೆ ಬೀಸುಕಲ್ಲು ತಿರುಗಿಸಿದಂತಿತ್ತು. ಬೆಳಗ್ಗೆ ಏಳುವಾಗ ಎರಡೂ ಕಣತಲೆಗಳು ಬಿಗಿದು ನೋಯುತ್ತವೆ, ಹತ್ತು ಗಂಟೆಯ ಹೊತ್ತಿಗೆ ನೋವು ತಾನಾಗಿ ಇಳಿಯುತ್ತದೆ. ಬಾಯಿ ಅಗಲಿಸಿದರೆ ಬಲಗಿವಿಯ ಮುಂದೆ ‘ಟಕ್’ ಎನ್ನುತ್ತದೆ. ಇದು ಕಿವಿಯ ದೋಷವೇ ಇರಬೇಕೆಂದು ಕಿವಿಯ ವೈದ್ಯರಿಗೆ ತೋರಿಸಿದೆ. ಅವರು ಹಲ್ಲಿನ ವೈದ್ಯರ ಬಳಿ ಕಳುಹಿಸಿದರು. ಅಲ್ಲಿ ಒಬ್ಬರು ರಾತ್ರಿ ಹಲ್ಲಿನ ಮೇಲೆ ಹಾಕಿಕೊಳ್ಳುವ ಪ್ಲೇಟ್ ಮಾಡಿಸಿಕೊಳ್ಳಿ ಎಂದರೆ, ಇನ್ನೊಬ್ಬರು ಎತ್ತರವಾಗಿರುವ ಹಲ್ಲುಗಳನ್ನು ತೇಯ್ದು ಮೇಲಿನ ಸಾಲೂ ಕೆಳಗಿನ ಸಾಲೂ ಸರಿಯಾಗಿ ಕೂಡುವಂತೆ ಮಾಡಬೇಕು ಎಂದರು. ನಮ್ಮವ್ವನ ತೀರ್ಪೇ ಬೇರೆ: “ಹೊಟ್ಟ್ಯಾಗ ಜಂತ ಆಗಿರಬೇಕು, ಗುಳಿಗಿ ತಗೋ.” ಯಾರ ಮಾತು ಕೇಳಲಿ? ದಿನವೂ ತಿನ್ನುವ ಖಡಕ್ ರೊಟ್ಟಿಯೇ ಇದಕ್ಕೆ ಕಾರಣವೇ?

ಉತ್ತರ (ದಂತವೈದ್ಯ, ವಿಜಯಪುರ)

ಮಾನ್ಯರೇ, ಹಲ್ಲು ತೇಯಿಸುವ ಕೆಲಸಕ್ಕೆ ಸದ್ಯ ಒಪ್ಪಬೇಡಿ. ಒಮ್ಮೆ ತೇಯ್ದು ತೆಗೆದ ಎನಾಮೆಲ್ (ಹಲ್ಲಿನ ಗಟ್ಟಿ ಹೊರಪದರ) ಮತ್ತೆ ಬೆಳೆಯುವುದಿಲ್ಲ. ಹಲ್ಲುಗಳು ಕೂಡುವ ರೀತಿ ಸರಿಯಿಲ್ಲದ್ದರಿಂದಲೇ ನಿದ್ದೆಯಲ್ಲಿ ಹಲ್ಲು ಕಡಿಯುತ್ತಾರೆ ಎಂಬ ಹಳೆಯ ತಿಳಿವಳಿಕೆಯನ್ನು ಈಗ ಹೆಚ್ಚಿನ ತಜ್ಞರು ಮೊದಲಿನಂತೆ ಒಪ್ಪುವುದಿಲ್ಲ. ನಿದ್ದೆಯ ನಡುವೆ ಮಿದುಳು ಕ್ಷಣಕಾಲ ಅರೆ ಎಚ್ಚರಕ್ಕೆ ಬಂದು ಮರಳುವಾಗ ದವಡೆಯ ಸ್ನಾಯುಗಳು ಬಿಗಿಯುತ್ತವೆ; ಮನಸ್ಸಿನ ಒತ್ತಡ, ರಾತ್ರಿಯ ಚಹಾ, ತಂಬಾಕು, ಮದ್ಯ ಇವೆಲ್ಲ ಅದನ್ನು ಹೆಚ್ಚಿಸಬಲ್ಲವು. ಖಿನ್ನತೆಗೆ ಕೊಡುವ ಫ್ಲುಯೊಕ್ಸೆಟಿನ್, ಸರ್ಟ್ರಾಲಿನ್‌ನಂಥ ಮಾತ್ರೆಗಳಿಂದಲೂ ಕೆಲವರಿಗೆ ಹೀಗಾಗುವುದುಂಟು. ಅಂಥವನ್ನು ನೀವು ತೆಗೆದುಕೊಳ್ಳುತ್ತಿದ್ದರೆ ಬರೆದುಕೊಟ್ಟ ವೈದ್ಯರಿಗೆ ತಿಳಿಸಿ, ನೀವಾಗಿಯೇ ನಿಲ್ಲಿಸಬೇಡಿ. ತಾಯಿಯವರ ಜಂತುಹುಳದ ಮಾತು ನಮ್ಮ ಕಡೆ ಮನೆಮನೆಯಲ್ಲೂ ಇದೆ, ಆದರೆ ಅದಕ್ಕೆ ಗಟ್ಟಿ ಆಧಾರವಿಲ್ಲ.

ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದರೆ ಒಂದು ಗುಂಡು ಮುಂದಕ್ಕೆ ಜಾರಿದಂತೆ ತಿಳಿಯುತ್ತದೆ. ಅದು ಕೆಳದವಡೆಯ ತುದಿ. ಅದಕ್ಕೂ ತಲೆಬುರುಡೆಗೂ ನಡುವೆ ತೆಳುವಾದ ಮೆತ್ತೆಯೊಂದಿದ್ದು, ಅದು ಮುಂದಕ್ಕೆ ಸರಿದಿದ್ದರೆ, ಬಾಯಿ ತೆರೆಯುವಾಗ ದವಡೆಯ ತುದಿ ಹಾರಿ ಮೆತ್ತೆಯ ಮೇಲೆ ಕೂರುತ್ತದೆ. ನಿಮಗೆ ಕೇಳಿಸುವ ‘ಟಕ್’ ಸಾಮಾನ್ಯವಾಗಿ ಅದೇ. ನೋವಿಲ್ಲದೆ, ಬಾಯಿ ಪೂರ್ತಿ ತೆರೆಯುತ್ತಿದ್ದರೆ ಬರಿಯ ಸದ್ದಿಗೆ ಚಿಕಿತ್ಸೆ ಬೇಕಿಲ್ಲ. ಕಣತಲೆಯ ನೋವು ಬೇರೆ: ಅಲ್ಲಿ ಬೆರಳಿಟ್ಟು ಹಲ್ಲು ಕಚ್ಚಿ ನೋಡಿ, ಸ್ನಾಯು ಉಬ್ಬುತ್ತದೆ. ರಾತ್ರಿಯೆಲ್ಲ ದುಡಿದ ಆ ಸ್ನಾಯುವೇ ಬೆಳಗ್ಗೆ ನೋಯುತ್ತದೆ.

ಪ್ಲೇಟ್ ಮಾಡಿಸಿಕೊಳ್ಳಬಹುದು, ಆದರೆ ಅದು ಹಲ್ಲು ಸವೆಯದಂತೆ ಕಾಯುತ್ತದೆಯೇ ಹೊರತು ಚಾಳಿಯನ್ನು ಬಿಡಿಸುವುದಿಲ್ಲ. ಹಲ್ಲಿನ ಅಚ್ಚು ತೆಗೆದು ಗಟ್ಟಿ ಅಕ್ರಿಲಿಕ್‌ನಲ್ಲಿ ಮಾಡಿದ್ದೇ ಇರಲಿ. ಸಿದ್ಧವಾಗಿ ಸಿಗುವ ಮೆತ್ತನೆಯ ರಬ್ಬರಿನಂಥದನ್ನು ಕೆಲವರು ಇನ್ನಷ್ಟು ಅಗಿಯುತ್ತಾರೆ. ನೋವಿರುವಷ್ಟು ದಿನ ರೊಟ್ಟಿಯನ್ನು ಬೇಳೆಯಲ್ಲೋ ಹಾಲಿನಲ್ಲೋ ನೆನೆಸಿ ತಿನ್ನಿ, ಕಬ್ಬು ಮತ್ತು ಕರದಂಟು ಬೇಡ, ಆಕಳಿಸುವಾಗ ಗದ್ದಕ್ಕೆ ಕೈ ಆನಿಸಿ. ರೊಟ್ಟಿ ಈ ರೋಗಕ್ಕೆ ಕಾರಣವಲ್ಲ, ದಣಿದ ಸ್ನಾಯುವಿಗೆ ಹೆಚ್ಚಿನ ಹೊರೆ ಮಾತ್ರ.

ಇನ್ನೊಂದು ಮಾತು. ನಿಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದು ಜೋಡಿಸಿ ಬಾಯಿಗಿಟ್ಟು ನೋಡಿ. ದೊಡ್ಡವರಲ್ಲಿ ಬಾಯಿ ಸುಮಾರು 35ರಿಂದ 50 ಮಿ.ಮೀ. ತೆರೆಯಬೇಕು. ಗುಟ್ಖಾ, ಅಡಿಕೆ ಹಾಕುವವರಲ್ಲಿ ಮೂರು ಬೆರಳು ಹೋಗದಿದ್ದರೆ, ಖಾರ ತಾಗಿದೊಡನೆ ಬಾಯಿ ಉರಿಯುತ್ತಿದ್ದರೆ, ಅದು ಕೀಲಿನ ತೊಂದರೆಯಾಗಿರದೆ ಬಾಯಿಯ ಒಳಪದರವೇ ನಾರುಗಟ್ಟುವ ರೋಗವಾಗಿರಬಹುದು. ಅದು ಮುಂದೆ ಕ್ಯಾನ್ಸರಿಗೆ ತಿರುಗಬಲ್ಲದು, ಕೂಡಲೇ ತೋರಿಸಬೇಕು.

ಉತ್ತರ (ಬೆಳಗಾವಿ)

ಸರ್, ನಾನು ಮೂರು ವರ್ಷಗಳಿಂದ ಪ್ಲೇಟ್ ಹಾಕುತ್ತಿದ್ದೇನೆ. ಮೊದಲ ವಾರ ಬಾಯಿತುಂಬ ಜೊಲ್ಲು, ಬೆಳಗ್ಗೆ ಎದ್ದರೆ ಪ್ಲೇಟ್ ದಿಂಬಿನ ಕೆಳಗೆ! ಆಮೇಲೆ ಒಗ್ಗಿತು. ಎಂಟು ತಿಂಗಳಾದ ಮೇಲೆ ಅದನ್ನು ಬೆಳಕಿಗೆ ಹಿಡಿದರೆ ಕೋರೆಹಲ್ಲು ತಾಗುವ ಜಾಗದಲ್ಲಿ ಉಗುರು ಸಿಕ್ಕುವಷ್ಟು ಗೀರು ಬಿದ್ದಿತ್ತು. ಅದು ನನ್ನ ಹಲ್ಲಿನ ಮೇಲೆ ಬೀಳಬೇಕಾಗಿದ್ದ ಗೀರು. ತಣ್ಣೀರಿನಲ್ಲೇ ತೊಳೆಯಿರಿ. ನಾನು ಒಮ್ಮೆ ಶುದ್ಧವಾಗಲೆಂದು ಕುದಿಯುವ ನೀರಿಗೆ ಹಾಕಿ, ಸೊಟ್ಟಗಾದ ಪ್ಲೇಟನ್ನು ಕೈಯಲ್ಲಿ ಹಿಡಿದು ಮತ್ತೆ ವೈದ್ಯರ ಮುಂದೆ ಕುಳಿತವನು.

ಆದರೂ ನನ್ನ ನೋವು ಇಳಿದದ್ದು ಪ್ಲೇಟಿನಿಂದಲ್ಲ. ನೀವು ಹಗಲಿನಲ್ಲೂ ಹಲ್ಲು ಕಚ್ಚಿಕೊಂಡಿರುತ್ತೀರಾ ಎಂದು ಇಲ್ಲಿಯ ದಂತ ಕಾಲೇಜಿನಲ್ಲಿ ಕೇಳಿದಾಗ ಖಂಡಿತ ಇಲ್ಲ ಎಂದಿದ್ದೆ. ಗಡಿಯಾರದ ಗಾಜಿಗೆ ಕೆಂಪು ಬೊಟ್ಟೊಂದನ್ನು ಅಂಟಿಸಿಕೊಂಡು, ಕಣ್ಣಿಗೆ ಬಿದ್ದಾಗಲೆಲ್ಲ ಹಲ್ಲು ಎಲ್ಲಿದೆ ಎಂದು ನೋಡಿಕೊಳ್ಳಿ ಎಂದರು. ತುಟಿ ಮುಚ್ಚಿರಬೇಕು, ಹಲ್ಲುಗಳ ನಡುವೆ ಎರಡು-ಮೂರು ಮಿ.ಮೀ. ಸಂದಿರಬೇಕು, ನಾಲಿಗೆಯ ತುದಿ ಮೇಲಿನ ಮುಂಬಲ್ಲಿನ ಹಿಂದೆ ಹಗುರಾಗಿ ತಾಗಿರಬೇಕು. ಮೊದಲ ದಿನ ಬೊಟ್ಟು ನೋಡಿದಾಗಲೆಲ್ಲ ಹಲ್ಲು ಕೂಡಿಯೇ ಇದ್ದವು.

ಪ್ರಶ್ನೆ ಕೇಳಿದವರು (ರಬಕವಿ)

ಇಬ್ಬರಿಗೂ ನಮಸ್ಕಾರ. ಮೂರು ಬೆರಳು ಸಲೀಸಾಗಿ ಹೋಗುತ್ತವೆ, ಗುಟ್ಖಾದ ಚಟವಿಲ್ಲ, ಅಂಥ ಮಾತ್ರೆಗಳೂ ಇಲ್ಲ. ಬೊಟ್ಟನ್ನು ಮಗ್ಗದ ಸ್ವಿಚ್ಚಿನ ಪಕ್ಕದಲ್ಲೇ ಅಂಟಿಸಿದೆ. ಎಳೆ ಹರಿದು ಮಗ್ಗ ನಿಂತಾಗ ಆ ಎಳೆಯನ್ನು ಹುಡುಕಿ ಗಂಟು ಹಾಕುವಷ್ಟು ಹೊತ್ತೂ ದವಡೆ ಹಲ್ಲುಗಳನ್ನು ಕಚ್ಚಿಯೇ ಇರುತ್ತೇನೆ. ಗಂಟು ಬಿದ್ದು ಮಗ್ಗ ಓಡಿದ ಮೇಲೂ ಬಿಡುವುದಿಲ್ಲ. ದಿನಕ್ಕೆ ಇಂಥ ಗಂಟು ಎಷ್ಟೋ! ಬರುವ ಸೋಮವಾರ ಬಾಗಲಕೋಟೆಯ ದಂತ ಕಾಲೇಜಿಗೆ ಹೋಗಿ ಅಚ್ಚು ಕೊಟ್ಟು ಬರುತ್ತೇನೆ. ನಾನು ಗೊರಕೆಯನ್ನೂ ಹೊಡೆಯುತ್ತೇನೆಂದು ಹೆಂಡತಿ ಹೇಳುತ್ತಾಳೆ; ಅದಕ್ಕೂ ಇದಕ್ಕೂ ಸಂಬಂಧವಿದೆಯೇ?

ಉತ್ತರ (ದಂತವೈದ್ಯ, ವಿಜಯಪುರ)

ಇರಬಹುದು. ನಿದ್ದೆಯಲ್ಲಿ ಉಸಿರು ಆಗಾಗ ಕಟ್ಟುವವರಲ್ಲಿ ಹಲ್ಲು ಕಡಿಯುವುದೂ ಕಂಡುಬರುತ್ತದೆ. ಗೊರಕೆ ನಡುವೆ ಒಮ್ಮೆಲೇ ನಿಂತು, ಆಮೇಲೆ ಏದುಸಿರು ಬಿಟ್ಟಂತಾಗುತ್ತದೆಯೇ, ಹಗಲು ತೂಕಡಿಕೆ ಇದೆಯೇ ಎಂಬುದನ್ನು ಮನೆಯವರನ್ನೇ ಕೇಳಿ. ಹೌದೆಂದರೆ ಅಚ್ಚು ಕೊಡುವ ಮೊದಲೇ ಅದನ್ನು ಕಾಲೇಜಿನಲ್ಲಿ ಹೇಳಿ, ಆ ಮೊಬೈಲಿನ ಸದ್ದನ್ನೂ ಕೇಳಿಸಿ.