ಪದಚರ್ಚೆ: ‘ಅಕಾಮೊಡೇಷನ್’ ವಸತಿಯಲ್ಲದಿದ್ದರೆ ಮತ್ತೇನು?

ಬಲ್ಲವರೆಲ್ಲರಿಗೆ ನಮಸ್ಕಾರ.

ಮಂಗಳೂರಿನ ಒಂದು ಪದವಿ ಕಾಲೇಜಿನಲ್ಲಿ ಪಾಠ ಮಾಡುವುದರ ಜೊತೆಗೆ ಇನ್ನೊಂದು ಹೊಣೆಯೂ ನನ್ನ ಮೇಲಿದೆ. ಕಣ್ಣು, ಕಿವಿ, ಕೈಕಾಲು ಅಥವಾ ಓದು-ಬರಹ ಉಳಿದವರಂತೆ ನಡೆಯದ ವಿದ್ಯಾರ್ಥಿಗಳಿಗೆ ತರಗತಿಯಲ್ಲಿಯೂ ಪರೀಕ್ಷೆಯಲ್ಲಿಯೂ ಬೇಕಾದದ್ದನ್ನು ಒದಗಿಸುವ ಘಟಕವನ್ನು ನಾನು ನಡೆಸುತ್ತಿದ್ದೇನೆ. ಕೆಲಸ ಏನೆಂದು ಹೀಗೆ ಒಂದು ಸಾಲಿನಲ್ಲಿ ಹೇಳಬಲ್ಲೆ, ಆದರೆ ಒಂದು ಪದದಲ್ಲಿ ಹೇಳಲು ಆಗುತ್ತಿಲ್ಲ. ಬಾಗಿಲ ಮೇಲಿನ ಫಲಕವನ್ನು ಈ ತಿಂಗಳು ಹೊಸದಾಗಿ ಬರೆಸಬೇಕು, ಅರ್ಜಿಯ ನಮೂನೆಯನ್ನೂ ಕನ್ನಡದಲ್ಲಿ ತಿದ್ದಬೇಕು. ಕೆಲವು ಪದಗಳ ಮುಂದೆ ಕೈ ನಿಂತುಬಿಟ್ಟಿದೆ. ಅದಕ್ಕೇ ಈ ಬರಹ.

ಮೊದಲು ನಡೆದದ್ದನ್ನು ಹೇಳುತ್ತೇನೆ. ಕಳೆದ ವರ್ಷ ಜೂನ್‌ನಲ್ಲಿ ಕಾಲೇಜಿನಿಂದ ಒಂದು ಸುತ್ತೋಲೆ ಹೊರಟಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಬರುವ ‘ರೀಸನಬಲ್ ಅಕಾಮೊಡೇಷನ್’ ಎಂಬ ಮಾತನ್ನು ಅನುವಾದ ಮಾಡಿದವರು ‘ಸಮಂಜಸ ವಸತಿ ಸೌಕರ್ಯ’ ಎಂದು ಬರೆದಿದ್ದರು. ಮರುವಾರ ಬಂಟ್ವಾಳದ ಕಡೆಯ ತಂದೆಯೊಬ್ಬರು ಮಗಳ ಕೈ ಹಿಡಿದುಕೊಂಡು ಬಂದರು. ನೀರು ಸುರಿಯುತ್ತಿದ್ದ ಕೊಡೆಯನ್ನು ಬಾಗಿಲ ಹೊರಗೆ ಒರಗಿಸಿ, ನಾಲ್ಕಾಗಿ ಮಡಿಸಿದ್ದ ಸುತ್ತೋಲೆಯನ್ನು ಅಂಗಿಯ ಜೇಬಿನಿಂದ ತೆಗೆದು ನನ್ನ ಮೇಜಿನ ಮೇಲೆ ಬಿಡಿಸಿಟ್ಟರು. “ಹಾಸ್ಟೆಲ್ ನಮಗೆ ಬೇಡ ಮೇಡಂ, ಮನೆಯ ಹತ್ತಿರದಿಂದಲೇ ಬಸ್ ಉಂಟು. ಇವಳಿಗೆ ಪರೀಕ್ಷೆಯಲ್ಲಿ ಬರೆದುಕೊಡುವ ಜನ ಒಬ್ಬರು ಬೇಕಿತ್ತು. ಅದನ್ನು ಎಲ್ಲಿ ಕೇಳುವುದು?” ಅವರು ಕೇಳುತ್ತಿದ್ದದ್ದು ಆ ಕಾಗದದಲ್ಲಿಯೇ ಇತ್ತು. ಒಂದು ಪದ ಅದನ್ನು ಅವರಿಗೆ ಕಾಣದಂತೆ ಮಾಡಿತ್ತು.

ಕಾಯ್ದೆಯ ವಿವರಣೆಯ ಸಾರ ಇಷ್ಟು: ಅಂಗವೈಕಲ್ಯ ಇರುವವರು ಉಳಿದವರಿಗೆ ಸಮನಾಗಿ ತಮ್ಮ ಹಕ್ಕನ್ನು ಅನುಭವಿಸಲು ಆಯಾ ಸಂದರ್ಭಕ್ಕೆ ಅಗತ್ಯವಾದ, ತಕ್ಕುದಾದ ಬದಲಾವಣೆಗಳನ್ನು ಮಾಡಿಕೊಡಬೇಕು, ಮಾಡಿಕೊಡುವವರ ಮೇಲೆ ಅಳತೆ ಮೀರಿದ ಹೊರೆ ಬೀಳಬಾರದು. ಬದಲಾಗಬೇಕಾದದ್ದು ಸಂಸ್ಥೆ ಎಂಬುದು ಇಲ್ಲಿ ಸ್ಪಷ್ಟವಾಗಿದೆ. ನಮ್ಮ ಕನ್ನಡ ಪದದಲ್ಲಿಯೂ ಅದು ಅಷ್ಟೇ ಸ್ಪಷ್ಟವಾಗಿರಬೇಕು ಎಂಬುದು ನನ್ನ ಹಟ.

ವಸತಿಗೂ ಈ ಕೆಲಸಕ್ಕೂ ಸಂಬಂಧವೇ ಇಲ್ಲವೆಂದಲ್ಲ. ಅಮೆರಿಕದಲ್ಲಿ ಇಂಥ ಸೇವೆಯ ಇತಿಹಾಸವನ್ನು ಹುಡುಕುತ್ತಾ ಹೋದರೆ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಬರುತ್ತೇವೆ. ಪೋಲಿಯೊದಿಂದ ಕತ್ತಿನ ಕೆಳಗೆ ಬಹುತೇಕ ಚಲನೆ ಕಳೆದುಕೊಂಡಿದ್ದ ಎಡ್ ರಾಬರ್ಟ್ಸ್ 1962ರಲ್ಲಿ ಅಲ್ಲಿ ವಿದ್ಯಾರ್ಥಿಯಾಗಿ ಸೇರಿದರು. ಅವರು ಮಲಗಬೇಕಾಗಿದ್ದ ಉಸಿರಾಟದ ಯಂತ್ರವನ್ನು ಇರಿಸಲು ವಿದ್ಯಾರ್ಥಿನಿಲಯದಲ್ಲಿ ಅನುಕೂಲವಿರಲಿಲ್ಲ. ಕೊನೆಗೆ ಆವರಣದ ಆಸ್ಪತ್ರೆಯಲ್ಲಿಯೇ ಅವರಿಗೆ ವಾಸಕ್ಕೆ ಜಾಗ ಕೊಟ್ಟರು. ಅವರ ಪಾಲಿಗೆ ಆ ಇಂಗ್ಲಿಷ್ ಪದದ ಎರಡು ಅರ್ಥಗಳೂ ಒಂದೇ ಕೋಣೆಯಲ್ಲಿದ್ದವು. 1970ರಲ್ಲಿ ಅಲ್ಲಿ ವಿದ್ಯಾರ್ಥಿಗಳೇ ಮುಂದೆ ನಿಂತು ಕಟ್ಟಿದ ಘಟಕದ ಹೆಸರಿನಲ್ಲಿ ಮೊದಲು ‘ಫಿಸಿಕಲಿ’ ಎಂಬ ಪದವಿತ್ತು, ಮುಂದೆ ಅದನ್ನು ಬಿಟ್ಟರು. ದೇಹದ ಮಾತು ಹೆಸರಿನಿಂದ ಯಾಕೆ ಹೋಗಬೇಕಾಗುತ್ತದೆ ಎಂಬುದಕ್ಕೆ ಮುಂದೆ ಬರುತ್ತೇನೆ.

ವಸತಿಯನ್ನು ಬಿಟ್ಟರೆ ಮೊದಲು ನಾಲಗೆಗೆ ಬರುವ ಪದ ‘ಹೊಂದಾಣಿಕೆ’. ಅರ್ಥ ಹತ್ತಿರವೇ ಇದೆ. ಆದರೆ ನಾವು ಅದನ್ನು ಯಾರಿಗೆ ಹೇಳುತ್ತೇವೆ ನೋಡಿ. ಬಸ್ಸಿನಲ್ಲಿ ನಿಂತವನಿಗೆ, ಮದುವೆಯಾಗಿ ಬಂದ ಸೊಸೆಗೆ, ಸಂಬಳ ತಡವಾದ ನೌಕರನಿಗೆ ‘ಸ್ವಲ್ಪ ಹೊಂದಾಣಿಕೆ ಮಾಡಿಕೊಳ್ಳಿ’ ಎನ್ನುತ್ತೇವೆ. ಯಾವಾಗಲೂ ಬಲ ಕಡಿಮೆ ಇರುವವರೇ ಹೊಂದಿಕೊಳ್ಳಬೇಕು. ಗಾಲಿಕುರ್ಚಿಯಲ್ಲಿ ಬಂದ ಹುಡುಗನಿಗೆ ‘ತರಗತಿ ಎರಡನೇ ಮಹಡಿಯಲ್ಲಿದೆ, ಹೊಂದಾಣಿಕೆ ಮಾಡಿಕೊಳ್ಳಪ್ಪ’ ಎಂದು ಹೇಳಿದ್ದನ್ನು ನಾನೇ ಕೇಳಿದ್ದೇನೆ. ಕಾಯ್ದೆ ಹೇಳುವುದಕ್ಕೆ ನೇರ ವಿರುದ್ಧವಾದ ಮಾತಿಗೆ ಅದೇ ಪದ ಸಲೀಸಾಗಿ ಒದಗುತ್ತದೆ. ಆದ್ದರಿಂದ ಅದು ನನಗೆ ಬೇಡ.

‘ರಿಯಾಯಿತಿ’ ಅಂತೂ ಇನ್ನೂ ಬೇಡ. ಬಸ್ ಪಾಸಿನ ದರಕ್ಕೆ ಅದು ಸರಿ, ಪರೀಕ್ಷೆಗೆ ಸರಿಯಲ್ಲ. ಈ ಪದ ಅರಬಿಯಿಂದ ಬಂದದ್ದು. ಮೇಯಿಸು, ಕಾಯು ಎಂಬ ಅರ್ಥದ ಧಾತು ಅದರದು. ನಮ್ಮ ‘ರೈತ’ ಪದದ ಮೂಲವೂ ಅದೇ ಧಾತುವಿನಲ್ಲಿದೆ. ಕಾಯುವ ದೊರೆಯ ಕೈಕೆಳಗಿನ ಪ್ರಜೆ ಎಂಬ ಅರ್ಥದಲ್ಲಿ ಅದು ನಮ್ಮಲ್ಲಿಗೆ ಬಂತು. ಮೇಲೊಬ್ಬ ಒಡೆಯ, ಕೆಳಗೊಬ್ಬ ಆಶ್ರಿತ ಎಂಬ ಚಿತ್ರ ಪದದ ಬೇರಿನಲ್ಲಿಯೇ ಇರುವಾಗ ಹಕ್ಕಿನ ಮಾತನ್ನು ಅದರಿಂದ ಆಡುವುದು ಕಷ್ಟ.

‘ಸೌಲಭ್ಯ’, ‘ಸೌಕರ್ಯ’ ಎರಡನ್ನೂ ನಾವು ಬೇರೆ ಮಾಡದೆ ಬಳಸುತ್ತೇವೆ. ಬಿಡಿಸಿ ನೋಡಿದರೆ ಅವು ಬೇರೆ ಬೇರೆ. ಸುಲಭದಿಂದ ಸೌಲಭ್ಯ: ಲಭಿಸುವುದು ಹಗುರಾಗಿರುವುದು. ಸುಕರದಿಂದ ಸೌಕರ್ಯ: ಮಾಡುವುದು ಹಗುರಾಗಿರುವುದು. ಇದೇ ಸಾಲಿನಲ್ಲಿ ಸುಗಮ: ಹೋಗುವುದು ಹಗುರಾಗಿರುವುದು. ನನ್ನ ವಿದ್ಯಾರ್ಥಿನಿಗೆ ಬೇಕಾಗಿರುವುದು ಲಭಿಸುವ ವಸ್ತುವಲ್ಲ, ತಾನೇ ಮಾಡಬಲ್ಲ ಕೆಲಸ. ಆ ಲೆಕ್ಕದಲ್ಲಿ ‘ಸೌಕರ್ಯ’ವೇ ಸರಿಯಾದ ಪದ. ಆದರೆ ಇಂದಿನ ಕಿವಿಗೆ ಸೌಕರ್ಯ ಎಂದರೆ ನಲ್ಲಿ, ಶೌಚಾಲಯ, ರಸ್ತೆ. ಬೇರಿನ ಅರ್ಥವನ್ನು ಬಳಕೆ ನುಂಗಿಹಾಕಿದೆ. ‘ಅನುಕೂಲ’ದ ಬೇರಿನಲ್ಲಿ ‘ಕೂಲ’ ಇದೆ, ಅಂದರೆ ದಡ. ದಡದ ಗುಂಟ ಹೋಗುವುದು ಅನುಕೂಲ. ನೇತ್ರಾವತಿಯ ಪಕ್ಕದಲ್ಲಿ ಇರುವ ನಮಗೆ ಇಷ್ಟವಾಗುವ ಚಿತ್ರ. ಆದರೂ ‘ಅನುಕೂಲಸ್ಥರು’ ಎಂದರೆ ಹಣವಂತರು ಎಂಬ ಅರ್ಥ ಅಷ್ಟೇ ಬಲವಾಗಿ ಕುಳಿತಿದೆ.

ಸದ್ಯಕ್ಕೆ ನಾನು ಕರಡಿನಲ್ಲಿ ಬರೆದಿರುವುದು ‘ತಕ್ಕ ಮಾರ್ಪಾಡು’. ಮಾರ್ಪಾಡು ಎಂದಾಗ ಏನೋ ಒಂದನ್ನು ಬದಲಿಸಿದರು ಎಂಬುದು ತಟ್ಟನೆ ತಿಳಿಯುತ್ತದೆ. ಮನುಷ್ಯನನ್ನು ಮಾರ್ಪಾಡು ಮಾಡುತ್ತಾರೆ ಎಂದು ಯಾರೂ ಓದುವುದಿಲ್ಲ. ವೇಳಾಪಟ್ಟಿ, ಪ್ರಶ್ನೆಪತ್ರಿಕೆ, ಕೋಣೆ ಇವೇ ಮನಸ್ಸಿಗೆ ಬರುತ್ತವೆ. ವಿದ್ಯಾರ್ಥಿ ಹೇಳಿದ್ದನ್ನು ಪರೀಕ್ಷೆಯಲ್ಲಿ ಬರೆದುಕೊಡುವ ಒಬ್ಬ ಲಿಪಿಕಾರರನ್ನು ಕೊಡುವುದನ್ನೂ ಮಾರ್ಪಾಡು ಎನ್ನಬಹುದೇ ಎಂಬ ಅನುಮಾನ ಮಾತ್ರ ಉಳಿದಿದೆ.

ಎರಡನೆಯ ಪದ ಸಮಯದ್ದು. ಪರೀಕ್ಷೆಯಲ್ಲಿ ಕೊಡುವ ‘ಎಕ್ಸ್‌ಟ್ರಾ ಟೈಮ್’ ಅನ್ನು ಎಲ್ಲರೂ ‘ಹೆಚ್ಚುವರಿ ಸಮಯ’ ಎನ್ನುತ್ತಾರೆ. 2013ರ ಫೆಬ್ರುವರಿಯಲ್ಲಿ ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯ ಹೊರಡಿಸಿದ ಮಾರ್ಗಸೂಚಿಯಲ್ಲಿ ಈ ಪದವನ್ನೇ ಬಿಡಬೇಕೆಂದು ಹೇಳಲಾಗಿದೆ. ಅದರ ಬದಲಿಗೆ ‘ಕಾಂಪೆನ್ಸೇಟರಿ ಟೈಮ್’ ಎನ್ನಬೇಕು, ಅದು ಗಂಟೆಗೆ 20 ನಿಮಿಷಕ್ಕಿಂತ ಕಡಿಮೆ ಇರಬಾರದು. ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ. ಸರ್ಕಾರಿ ಕಡತವೊಂದು ಪದಕ್ಕಾಗಿ ಇಷ್ಟು ತಲೆಕೆಡಿಸಿಕೊಂಡದ್ದನ್ನು ಓದಿದಾಗ ನನಗೆ ಬಹಳ ಸಂತೋಷವಾಯಿತು.

ಯಾಕೆಂದರೆ ಆ ಒಂದು ಗಂಟೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು ನಾನು ಪಕ್ಕದಲ್ಲಿ ಕುಳಿತು ನೋಡಿದ್ದೇನೆ. ಬಂಟ್ವಾಳದ ಅದೇ ಹುಡುಗಿಯ ವಾಣಿಜ್ಯದ ಪತ್ರಿಕೆ. ಲಿಪಿಕಾರಳಾಗಿ ಬಂದವಳು ಪ್ರಶ್ನೆಯನ್ನು ಒಮ್ಮೆ ಓದುತ್ತಾಳೆ, ‘ಇನ್ನೊಮ್ಮೆ’ ಎಂದಾಗ ಮತ್ತೆ ಓದುತ್ತಾಳೆ. ಲೆಕ್ಕದ ಪಟ್ಟಿಗೆ ಗೆರೆ ಹಾಕಿಸಬೇಕು: ಎಷ್ಟು ಕಂಬ, ಯಾವುದರ ತಲೆಗೆ ಏನು. ‘ಎಡಗಡೆ ಮೂರನೆಯ ಸಾಲಿಗೆ ಹೋಗು, ಅಲ್ಲಿ ಏನು ಬರೆದಿದ್ದೀ ಓದು’ ಎಂದು ಹುಡುಗಿ ಹೇಳುತ್ತಾಳೆ. ಓದಿಸಿ, ಒಂದು ಸೊನ್ನೆ ಬಿಟ್ಟುಹೋಗಿದೆಯೆಂದು ತಿಳಿದು, ಹೊಡೆದುಹಾಕಿಸಿ ಮತ್ತೆ ಬರೆಸುತ್ತಾಳೆ. ಉಳಿದವರು ಕಣ್ಣು ಹಾಯಿಸಿ ಎರಡು ಸೆಕೆಂಡಿನಲ್ಲಿ ಮಾಡುವುದನ್ನು ಆಕೆ ಎರಡು ನಿಮಿಷ ಕಿವಿಯಿಂದ ಮಾಡಬೇಕು. ಆ ಸಮಯ ಹೆಚ್ಚುವರಿಯಲ್ಲ, ಮೊದಲೇ ಸೋರಿಹೋದದ್ದರ ಭರ್ತಿ. ಕನ್ನಡದಲ್ಲಿ ‘ಪರಿಹಾರ ಸಮಯ’ ಎಂದರೆ ನೆರೆ ಪರಿಹಾರ, ಅಪಘಾತ ಪರಿಹಾರಗಳ ನೆನಪಾಗುತ್ತದೆ. ‘ಸರಿದೂಗಿಸುವ ಸಮಯ’ ಎಂದರೆ ಹೇಗೆ? ತೂಗುವ ಕಲ್ಪನೆ ಅದರಲ್ಲಿದೆ. ಹಗುರಾಗಿ ಮೇಲೆದ್ದ ತಟ್ಟೆಗೆ ಹಾಕಿದ್ದು ಯಾರಿಗೂ ಲಾಭವಾಗಿ ಕಾಣುವುದಿಲ್ಲ. ಉದ್ದವಾಯಿತು ಎನ್ನುವವರು ಚಿಕ್ಕದನ್ನು ಸೂಚಿಸಿ.

‘ಲಿಪಿಕಾರ’ದ ಬಗ್ಗೆ ನನಗೆ ತಕರಾರಿಲ್ಲ, ಪ್ರೀತಿಯೇ ಇದೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವನ್ನು ಬರೆದ ಚಪಡನೆಂಬವನು ತನ್ನನ್ನು ಕರೆದುಕೊಂಡದ್ದು ಲಿಪಿಕರ ಎಂದೇ. ಆ ಮಾತು ದೊರೆಯದು, ಅಕ್ಷರ ಮಾತ್ರ ಚಪಡನದು. ಪರೀಕ್ಷೆಯ ಲಿಪಿಕಾರರಿಗೂ ನಾನು ಅಷ್ಟನ್ನೇ ಹೇಳುತ್ತೇನೆ. ಕೆಲವು ಕಡೆ ‘ಸಹಾಯಕ ಬರಹಗಾರ’ ಎಂದು ಬರೆಯುವುದುಂಟು. ಬರಹಗಾರ ಎಂದರೆ ಉತ್ತರವನ್ನು ಅವರೇ ಹೊಸೆಯುತ್ತಾರೆ ಎಂಬ ಶಂಕೆಗೆ ದಾರಿಯಾಗುತ್ತದೆ. ಲಿಪಿಕಾರರನ್ನು ಪಡೆಯಲು 40 ಶೇಕಡಾ ವೈಕಲ್ಯದ ಪ್ರಮಾಣಪತ್ರ ಇರಲೇಬೇಕು ಎಂದು ಹಲವರು ಇನ್ನೂ ನಂಬಿದ್ದಾರೆ. ಬರೆಯುವಾಗ ಕೈ ಸೆಡೆಯುವ ತೊಂದರೆ ಇದ್ದ ವಿಕಾಸ್ ಕುಮಾರ್ ಎಂಬವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಫೆಬ್ರುವರಿಯಲ್ಲಿಯೇ ಆ ಷರತ್ತು ಸಲ್ಲದು ಎಂದಿದೆ.

ಇನ್ನು ಫಲಕ. ಈಗ ಇರುವುದು ‘ಅಂಗವಿಕಲ ವಿದ್ಯಾರ್ಥಿಗಳ ಘಟಕ’. ಒಬ್ಬ ಹುಡುಗ ಒಂದು ವರ್ಷ ಪೂರ್ತಿ ಆ ಬಾಗಿಲ ಮುಂದೆಯೇ ಓಡಾಡಿದ್ದ. ಅವನಿಗೆ ಡಿಸ್ಲೆಕ್ಸಿಯಾ, ಸಾಲು ಓದುವಾಗ ಅಕ್ಷರಗಳು ಅದಲುಬದಲಾಗುತ್ತವೆ. ಎರಡು ವಿಷಯಗಳಲ್ಲಿ ಅನುತ್ತೀರ್ಣನಾದ ಮೇಲೆ ಬಂದು, “ನನ್ನ ಕೈಕಾಲು ಸರಿಯಾಗಿದೆಯಲ್ಲ ಮೇಡಂ, ಇದು ನನಗಲ್ಲ ಎಂದುಕೊಂಡೆ” ಎಂದ. 1995ರ ಕಾಯ್ದೆಯಲ್ಲಿ ಏಳು ಬಗೆಯ ವೈಕಲ್ಯಗಳಿದ್ದವು. 2016ರದರಲ್ಲಿ 21 ಆಗಿವೆ. ಕಲಿಕೆಯ ತೊಂದರೆ, ಆಟಿಸಂ, ಮಾನಸಿಕ ಅಸ್ವಸ್ಥತೆ, ಹಿಮೋಫಿಲಿಯಾ, ತಲಸ್ಸೇಮಿಯಾ ಎಲ್ಲವೂ ಈ ಪಟ್ಟಿಯಲ್ಲಿವೆ. ಇವುಗಳಲ್ಲಿ ವಿಕಲವಾದ ಅಂಗ ಯಾವುದೆಂದು ತೋರಿಸುವುದು? ರಾಜ್ಯದ ಇಲಾಖೆ ‘ವಿಕಲಚೇತನ’ ಎನ್ನುತ್ತದೆ. ಸಕಲಕ್ಕೆ ಎದುರು ವಿಕಲ, ಒಂದು ಕಲೆ ಅಂದರೆ ಒಂದು ಅಂಶ ಕಡಿಮೆಯಾದದ್ದು. ಅದನ್ನು ಅಂಗದಿಂದ ತೆಗೆದು ಚೇತನಕ್ಕೆ ಅಂಟಿಸಿದರೆ ಗೌರವ ಹೆಚ್ಚಿತೇ? ನನಗಂತೂ ಮೊದಲಿಗಿಂತ ಹೆಚ್ಚು ನೋವಾಗುತ್ತದೆ. ‘ದಿವ್ಯಾಂಗ’ವನ್ನು ನನ್ನ ವಿದ್ಯಾರ್ಥಿಗಳಲ್ಲಿ ಒಬ್ಬರೂ ತಮಗೆ ತಾವೇ ಹೇಳಿಕೊಂಡದ್ದನ್ನು ಕೇಳಿಲ್ಲ.

ಮನೆಯ ಮಾತಿನಲ್ಲಿ ಈ ತೊಡಕು ಇಲ್ಲ. ಹುಡುಗಿಯ ತಂದೆ ತುಳುವಿನಲ್ಲಿ ಹೇಳಿದ್ದು ‘ಕಣ್ಣ್ ತೋಜುಜಿ’ ಎಂದು. ಕಣ್ಣು ಕಾಣುವುದಿಲ್ಲ, ಅಷ್ಟೇ. ಕಿವಿಯದಾದರೆ ‘ಕೆಬಿ ಕೇಣುಜಿ’. ಅದು ಕ್ರಿಯಾಪದ, ಮನುಷ್ಯನ ಮೇಲೆ ಹಣೆಪಟ್ಟಿ ಬೀಳುವುದಿಲ್ಲ. ಅದನ್ನು ಕೇಳಿದ ಮೇಲೆ ನಾನು ಅರ್ಜಿಯಲ್ಲಿದ್ದ ‘ವೈಕಲ್ಯದ ಬಗೆ’ ಎಂಬುದನ್ನು ಎರಡನೆಯ ಪುಟಕ್ಕೆ ದೂಡಿ, ಮೊದಲ ಪ್ರಶ್ನೆಯನ್ನು ‘ತರಗತಿಯಲ್ಲಿ ನಿಮಗೆ ಯಾವುದು ಆಗುತ್ತಿಲ್ಲ?’ ಎಂದು ಬದಲಿಸಿದೆ. ಆಕೆ ಹೇಳಿ ಬರೆಸಿದ ಉತ್ತರ: ಕನ್ನಡದ ನೋಟ್ಸ್ ಕಂಪ್ಯೂಟರಿನಲ್ಲಿ ಕೇಳಿಸುತ್ತಿಲ್ಲ.

ನಾನು ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಅಧ್ಯಾಪಕರು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದ ಪಾಠ, ಯೂನಿಕೋಡ್ ಅಲ್ಲ. ನಮ್ಮ ಕಣ್ಣಿಗೆ ಚೆಂದದ ಕನ್ನಡ. ಪರದೆ ಓದುವ ತಂತ್ರಾಂಶಕ್ಕೆ ಅದು ಇಂಗ್ಲಿಷ್ ಅಕ್ಷರಗಳ ರಾಶಿ. ‘ಕನ್ನಡ’ ಎಂಬ ಪದವನ್ನೇ ಅದು ಪಿ, ಪೌಂಡ್, ಕ್ಯೂ ಎಂದು ಓದುತ್ತಿತ್ತು. ಬಿ.ಕಾಂ. ಓದುವ ಕನ್ನಡದ ಹುಡುಗಿಗೆ ಕನ್ನಡವೇ ಎಟುಕಲಿಲ್ಲ. ಇಂಥ ಕಡತಗಳು ನಿಮ್ಮಲ್ಲಿ ಹಲವರ ಬಳಿಯೂ ಇರಬಹುದು; ದಯವಿಟ್ಟು ಯೂನಿಕೋಡಿಗೆ ಬದಲಿಸಿ, ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ.

‘ಎಟುಕು’ ಎಂಬುದು ಇಲ್ಲಿ ತಾನಾಗಿಯೇ ಬಂತು, ನೋಡಿ. ಎಲ್ಲರಿಗೂ ಎಟುಕುವಂತಿರುವುದು ಎಂಬ ಅರ್ಥದ ‘ಆಕ್ಸೆಸಿಬಿಲಿಟಿ’ಗೆ ‘ಪ್ರವೇಶಿಸುವಿಕೆ’ ಎಂದು ಮೊಬೈಲಿನಲ್ಲಿ ನೋಡಿದ್ದೇನೆ. ಕಾಲೇಜಿನಲ್ಲಿ ಪ್ರವೇಶ ಎಂದರೆ ಅಡ್ಮಿಷನ್. ಆ ಫಲಕ ಹಾಕಿದರೆ ಜೂನ್ ತಿಂಗಳಲ್ಲಿ ನನ್ನ ಬಾಗಿಲಿಗೆ ಸಾಲು ನಿಲ್ಲುತ್ತದೆ. 2015ರ ಡಿಸೆಂಬರ್ 3ರಂದು ಆರಂಭವಾದ ಕೇಂದ್ರದ ಅಭಿಯಾನದಿಂದ ‘ಸುಗಮ್ಯ’ ಎಂಬ ಪದ ಬಂದಿದೆ. ಇಳಿಜಾರು, ಲಿಫ್ಟ್ ಇವುಗಳಿಗೆ ಅದು ಸರಿ, ಪುಸ್ತಕಕ್ಕೆ ಸರಿಹೊಂದುವುದಿಲ್ಲ; ಪುಸ್ತಕಕ್ಕೆ ಯಾರೂ ನಡೆದು ಹೋಗುವುದಿಲ್ಲ. ಅಂದ ಹಾಗೆ ‘ಇಳಿಜಾರು’ ಎಂಬ ಪದವೂ ನನ್ನನ್ನು ಚುಚ್ಚುತ್ತದೆ. ಅದನ್ನು ಕಟ್ಟುವುದು ಮೇಲೆ ಹತ್ತುವುದಕ್ಕೆ, ಹೆಸರಿನಲ್ಲಿ ಇಳಿಯುವುದೂ ಜಾರುವುದೂ ಮಾತ್ರ ಇದೆ. ಒಂದು ಅಡಿ ಏರಲು 12 ಅಡಿ ಉದ್ದ ಇರಬೇಕು ಎಂಬುದು ನಿಯಮ. ಜಾಗವಿಲ್ಲವೆಂದು ಆರು ಅಡಿಗೆ ಮುಗಿಸಿ ಮೇಲೆ ನುಣುಪು ಟೈಲ್ಸ್ ಹಾಕಿದರೆ, ನಮ್ಮ ಕರಾವಳಿಯ ಮಳೆಗೆ ಪಾಚಿ ಹಿಡಿದು ಹೆಸರಿಗೆ ತಕ್ಕಂತೆಯೇ ಆಗುತ್ತದೆ. ‘ಏರುದಾರಿ’ ಎನ್ನಬಹುದೇ?

ನಮ್ಮಲ್ಲಿ ತುಳು, ಕೊಂಕಣಿ, ಬ್ಯಾರಿ, ಮಲಯಾಳ ಮನೆಮಾತಿನ ಮಕ್ಕಳೇ ಹೆಚ್ಚು. ಕನ್ನಡ ಅವರಿಗೆ ಶಾಲೆಯಲ್ಲಿ ಕಲಿತ ಭಾಷೆ. ಪದ ಹೇಳಿದ್ದನ್ನೇ ಅವರು ನಂಬುತ್ತಾರೆ. ಹಾಗಾಗಿ ಕೇಳಿದ ಕೂಡಲೇ ತಿಳಿಯುವಂಥದ್ದು ಬೇಕು. ಸದ್ಯ ನನ್ನ ಮನಸ್ಸಿನಲ್ಲಿರುವುದು ‘ಸಮಕಲಿಕೆ ಘಟಕ’, ಇಲ್ಲವೇ ‘ಎಟುಕು ಸೇವೆ’. ಮೊದಲನೆಯದರಲ್ಲಿ ನಮ್ಮ ಕೆಲಸ ಏನೆಂದು ಹೊರಗಿನವರಿಗೆ ತಿಳಿಯದೇ ಹೋಗಬಹುದು, ಎರಡನೆಯದು ಕಿವಿಗೆ ಇನ್ನೂ ಒಗ್ಗಿಲ್ಲ. ಎರಡೂ ಬೇಡವೆನಿಸಿದರೆ ಬೇರೆಯದನ್ನು ಹೇಳಿ, ಯಾಕೆ ಬೇಡವೆಂಬುದನ್ನೂ ಬರೆಯಿರಿ.

ಫಲಕದ ಉದ್ದ ಮೂರು ಅಡಿ. ಕೈಗೆ ತಾಗುವ ಎತ್ತರದಲ್ಲಿ ಅದೇ ಹೆಸರನ್ನು ಬ್ರೈಲ್‌ನಲ್ಲಿ ಒಂದು ಸಣ್ಣ ಪಟ್ಟಿಯ ಮೇಲೆ ಮೂಡಿಸುತ್ತೇವೆ. ಕನ್ನಡ ಬ್ರೈಲ್‌ನಲ್ಲಿ ಒತ್ತಕ್ಷರಕ್ಕೆ ಒಂದು ಮನೆ ಹೆಚ್ಚು ಬೇಕಾಗುತ್ತದೆ. ಆದ್ದರಿಂದ ಎರಡು ಪದ ಮೀರದ, ಒತ್ತು ಕಡಿಮೆ ಇರುವ ಹೆಸರನ್ನು ಸೂಚಿಸಿದರೆ ಉಪಕಾರವಾಗುತ್ತದೆ.